ಒಬ್ಬರೇ ಉಳಿದರೆ ಆ ಊರಲ್ಲಿ ಇರೋಕಾಗುತ್ತಾ?

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಕೆಲಸ ಮುಗಿದ ಮೇಲೆ ಎಲ್ಲಿ ನೆಲೆಸೋದು ಅಂತ ಸಲಹೆ ಕೇಳಲು ನನ್ನ ಬಳಿ ಬಂದ ದಂಪತಿ. ಗಂಡನಿಗೆ 61, ಹೆಂಡತಿಗೆ 58. ಮಂಗಳೂರು ಕಡೆಯವರು, ದುಡಿದದ್ದೆಲ್ಲ ಮಸ್ಕತ್‌ನಲ್ಲಿ. ಕೆಲಸ ಮುಗಿದ ಮೇಲೆ ಅಲ್ಲಿ ಉಳಿಯುವ ದಾರಿ ಕಾಣಲಿಲ್ಲ. ಮಗಳು ಲಿಸ್ಬನ್‌ನಲ್ಲಿದ್ದಾಳೆ, ಹಾಗಾಗಿ ಪೋರ್ಚುಗಲ್. ಇಲ್ಲಿವರೆಗೆ ಜಗಳವಿಲ್ಲ.

ಜಗಳ ಊರಿನದು. ಗಂಡನಿಗೆ ದಕ್ಷಿಣದ ಅಲ್ಗಾರ್ವ್ ಪ್ರಾಂತ್ಯದ ಲಾಗೋಸ್ ಬೇಕು. ಮೊಬೈಲ್ ತೆಗೆದು ಅಲ್ಲಿನ ಪೊಂಟಾ ದ ಪಿಯೆದಾದೆ ಎಂಬ ಕಡಲಂಚಿನ ಹಳದಿ ಬಂಡೆಗಳನ್ನು ಒಂದೊಂದಾಗಿ ತೋರಿಸಿದರು. ಬಾಡಿಗೆ, ಹವಾಮಾನ, ಮೀನಿನ ರೇಟು, ಎಲ್ಲದಕ್ಕೂ ಅವರು ಮಾಡಿದ ಪಟ್ಟಿಯಲ್ಲಿ ಒಂದೊಂದು ಕಾಲಂ. ಆಸ್ಪತ್ರೆ ಎಂಬ ಕಾಲಂನಲ್ಲಿ 'ಚೆನ್ನಾಗಿದೆ' ಅಂತಷ್ಟೇ ಬರೆದಿತ್ತು! ಹೆಂಡತಿಗೆ ಹಿಂದಿನ ವರ್ಷ ಸ್ಟೆಂಟ್ ಹಾಕಿದ್ದಾರೆ. ಕಾರು ಓಡಿಸಲು ಬರುವುದಿಲ್ಲ. "ರಾತ್ರಿ ಎದೆ ಹಿಡ್ಕೊಂಡ್ರೆ, ಇವರಿಲ್ಲದಿದ್ರೆ, ಯಾರಿಗೆ ಏನಂತ ಹೇಳ್ಲಿ?" ಎಂದರು. ಗಂಡ ಆ ಮಾತನ್ನು ಅಪಶಕುನ ಎಂದು ತಳ್ಳಿಹಾಕಿದರು. ನನಗೆ ಅದೇ ಅಸಲಿ ಪ್ರಶ್ನೆ ಅನ್ನಿಸಿತು.

ಪೋರ್ಚುಗಲ್‌ನ ಸರ್ಕಾರಿ ಆರೋಗ್ಯ ವ್ಯವಸ್ಥೆ 1979ರಿಂದ ಇದೆ. ರೆಸಿಡೆನ್ಸಿ, ಅಂದರೆ ಅಲ್ಲಿ ನೆಲೆಸುವ ಪರವಾನಗಿ, ಸಿಕ್ಕವರು ಹೆಸರು ನೋಂದಾಯಿಸಬಹುದು. ಆದರೆ ಲಕ್ಷಾಂತರ ಜನರಿಗೆ ಇನ್ನೂ ಫ್ಯಾಮಿಲಿ ಡಾಕ್ಟರ್ ಸಿಕ್ಕಿಲ್ಲ. ಲಾಗೋಸ್‌ಗೆ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ ಪೋರ್ಟಿಮಾವ್‌ನಲ್ಲಿ, ಅದಕ್ಕಿಂತ ದೊಡ್ಡದು ಸುಮಾರು 80 ಕಿ.ಮೀ. ದೂರದ ಫಾರೋದಲ್ಲಿ. ಮಗಳ ಮನೆಗೆ ಮೂರು ತಾಸಿನ ದಾರಿ. ಇಬ್ಬರಿದ್ದಾಗ ಇದೆಲ್ಲ ನಡೆಯುತ್ತೆ, ಒಬ್ಬರೇ ಆದಾಗ ಕಷ್ಟ ಅಲ್ವಾ?

ಹಾಗಾಗಿ ಪಟ್ಟಿಯನ್ನು ಹೆಂಡತಿಯ ಕೈಗೆ ಕೊಟ್ಟು, ಅವರೊಬ್ಬರೇ ಇರುವ ಲೆಕ್ಕದಲ್ಲಿ ಮತ್ತೆ ಬರೆಯಲು ಹೇಳಿದೆ. ನಡೆದು ಹೋಗುವಷ್ಟು ದೂರದಲ್ಲಿ ಔಷಧಿ ಅಂಗಡಿ ಇರಬೇಕು, ರೈಲು ಇರಬೇಕು. ಖಾಸಗಿ ವಿಮೆಯವರು ಹಳೇ ಕಾಯಿಲೆಯನ್ನು ಹೊರಗಿಡುತ್ತಾರಾ ಅಂತ ಬರವಣಿಗೆಯಲ್ಲೇ ಕೇಳಬೇಕು. ತುರ್ತು ನಂಬರು 112. ಅದಕ್ಕೆ ಕರೆ ಮಾಡಿ ಹೇಳಲು ಬೇಕಾದ ನಾಲ್ಕು ಪೋರ್ಚುಗೀಸ್ ವಾಕ್ಯಗಳನ್ನು, ಮಾತ್ರೆಗಳ ಜೆನೆರಿಕ್ ಹೆಸರುಗಳ ಜತೆ, ಪರ್ಸ್‌ನಲ್ಲಿಟ್ಟುಕೊಳ್ಳಿ ಎಂದೆ.

ಇನ್ನೊಂದು ಗೋಜಲೂ ಹೊರಬಿತ್ತು. ಪೋರ್ಚುಗಲ್‌ನಲ್ಲಿ ನೆಲೆಸಲು ಪಡೆಯುವ ಡಿ7 ವೀಸಾಕ್ಕೆ ಕೂತಲ್ಲೇ ಬರುವ ಆದಾಯ ತೋರಿಸಬೇಕು. ಇವರದು ಮಂಗಳೂರಿನ ಫ್ಲ್ಯಾಟ್‌ನ ಬಾಡಿಗೆ, ಪೂರ್ತಿ ಗಂಡನ ಹೆಸರಲ್ಲಿ. ಹೆಂಡತಿಯ ಹೆಸರಲ್ಲಿ ಒಂದು ರೂಪಾಯಿಯೂ ಇಲ್ಲ. ಮೊದಲು ಅದನ್ನು ಸರಿಮಾಡಿ ಎಂದೆ, ವಕೀಲರನ್ನು ಕೇಳಿಯೇ.

ಬೇಸಿಗೆಯಲ್ಲಿ ಹೋಗಿ ಊರು ನೋಡಬೇಡಿ, ಜನವರಿಯಲ್ಲಿ ಹೋಗಿ ಅಂತಲೂ ಹೇಳಿದೆ. ಅಲ್ಲಿ ಹಳೇ ಮನೆಗಳು ಒಳಗೇ ಥಂಡಿ, ಗೋಡೆಗೆ ತೇವ.

ಈಗ ಸೆತೂಬಾಲ್‌ನಲ್ಲಿ ಚಳಿಗಾಲಕ್ಕೆ ಮನೆ ಬಾಡಿಗೆಗೆ ಹಿಡಿಯುತ್ತಿದ್ದಾರೆ. ಲಿಸ್ಬನ್ ಹತ್ತಿರ, ರೈಲಿದೆ, ಊರಲ್ಲೇ ಸರ್ಕಾರಿ ಆಸ್ಪತ್ರೆ, ಪಕ್ಕದಲ್ಲೇ ಅರ್ರಾಬಿದ ಬೆಟ್ಟ ಮತ್ತು ಸಮುದ್ರ. ಗಂಡನಿಗೆ ಲಾಗೋಸ್ ಬಿಟ್ಟ ಬೇಜಾರು ಇನ್ನೂ ಹೋಗಿಲ್ಲ.