ಮಧ್ಯಾಹ್ನ ಎರಡು ಗಂಟೆಗೆ ಆ ಮನೆಯಲ್ಲಿ ಯಾರಿರುತ್ತಾರೆ?

ಪ್ರಿಯ ಓದುಗರೇ,

ಬಡವರಿಗೆ ಕೈಗೆಟಕುವ ಮನೆ ಕಟ್ಟಿಸುವ ಎಂಜಿನಿಯರ್ ಆಗಿ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಹಣ ಕೊಡುವವರ ಅರ್ಜಿಯಲ್ಲಿ ಈಗ ‘ಮಹಿಳೆ’ ಎಂದೊಂದು ಕಾಲಂ, ‘ಹವಾಮಾನ’ ಎಂದೊಂದು ಕಾಲಂ ಇರುತ್ತದೆ. ಎರಡಕ್ಕೂ ನಾಲ್ಕು ಸಾಲು ಬರೆದುಕೊಡುತ್ತೇವೆ, ಮನೆಯ ನಕ್ಷೆ ಮಾತ್ರ ಇದ್ದ ಹಾಗೇ ಇರುತ್ತದೆ ಎಂದಿದ್ದೀರಿ. ಇಷ್ಟು ನೇರವಾಗಿ ಹೇಳಿದ್ದಕ್ಕೆ ನಿಮಗೆ ಕೃತಜ್ಞ. ಆದರೆ ‘ಮೊದಲು ಸೂರು, ಉಳಿದದ್ದು ಆಮೇಲೆ’ ಎಂಬ ನಿಮ್ಮ ಮಾತನ್ನು ಒಪ್ಪಲಾರೆ.

ಆ ಸೂರಿನ ಕೆಳಗೆ ಮಧ್ಯಾಹ್ನ 2 ಗಂಟೆಗೆ ಯಾರಿರುತ್ತಾರೆ, ಹೇಳಿ. ಬಾಣಂತಿ, ಎಳೆಗೂಸು, ಹಾಸಿಗೆ ಹಿಡಿದ ಹಿರಿಯರು, ಅವರನ್ನು ನೋಡಿಕೊಳ್ಳುವ ಹೆಂಗಸು. ಆಕೆ ಒಲೆ ಹಚ್ಚುವುದೂ ಅಲ್ಲೇ, ಹೊಲಿಗೆ ಯಂತ್ರ ತುಳಿದು ನಾಲ್ಕು ಕಾಸು ಸಂಪಾದಿಸುವುದೂ ಅಲ್ಲೇ. ತೆಳು ಕಾಂಕ್ರೀಟ್ ತಾರಸಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಆ ಕಾವನ್ನು ಒಳಗೆ ಬಿಡುತ್ತದೆ. ಸೆಕೆ ತಾಳದ ಗಂಡಸು ಹೊರಗೆ ಹೋಗಿ ಮಲಗಬಹುದು. ಎಷ್ಟೋ ಕಡೆ ಆಕೆಗೆ ಅದು ಆಗದ ಮಾತು. ನಿಮ್ಮ ಅರ್ಜಿಯ ಎರಡು ಕಾಲಂಗಳೂ ಆಕೆಯ ಒಂದೇ ದಿನದಲ್ಲಿವೆ.

ಕಿಟಕಿಯನ್ನೇ ನೋಡಿ. ಗಾಳಿ ಆಡಲಿ ಎಂದು ನೀವು ಎದುರುಬದುರು ಎರಡು ಕಿಟಕಿ ಇಟ್ಟಿರಿ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದರಲ್ಲೊಂದು ಎಲ್ಲರೂ ಓಡಾಡುವ ಪಡಸಾಲೆಗೆ ತೆರೆಯುತ್ತದೆ. ಹೋಗಿಬರುವವರ ಕಣ್ಣು ಒಳಗೇ ಬೀಳುವಾಗ ಒಬ್ಬಂಟಿಯಾಗಿರುವ ಹೆಂಗಸು ಅದನ್ನು ಮುಚ್ಚುತ್ತಾಳೆ, ಮೇಲೊಂದು ಪರದೆಯನ್ನೂ ಕಟ್ಟುತ್ತಾಳೆ. ಅಲ್ಲಿಗೆ ನಿಮ್ಮ ಗಾಳಿಯ ಲೆಕ್ಕ ಮುಗಿಯಿತು. ಕಿಟಕಿಯ ಬಾಗಿಲನ್ನು ಮೇಲೊಂದು ಕೆಳಗೊಂದು ಎಂದು ಎರಡು ಭಾಗ ಮಾಡಿದ್ದರೆ, ಇಲ್ಲವೇ ಸೂರಿನಡಿ ಜಾಲಂಧ್ರ, ಅಂದರೆ ಗಾಳಿಕಿಂಡಿ, ಬಿಟ್ಟಿದ್ದರೆ ಮರ್ಯಾದೆಯೂ ಉಳಿಯುತ್ತಿತ್ತು, ಗಾಳಿಯೂ ಬರುತ್ತಿತ್ತು. ಇದನ್ನು ಯಾವ ಉಷ್ಣಮಾಪಕವೂ ಹೇಳುವುದಿಲ್ಲ, ಆಕೆಯನ್ನೇ ಕೇಳಬೇಕು.

ಇದು ಸಣ್ಣ ವಿಷಯವಲ್ಲ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದಿನಲ್ಲಿ ಎಂದಿನ ಮೇ ತಿಂಗಳಿಗಿಂತ 1,300ಕ್ಕೂ ಹೆಚ್ಚು ಮಂದಿ ಸತ್ತರು. 2013ರಲ್ಲಿ ಆ ನಗರ ಬಿಸಿಗಾಳಿಯನ್ನು ಎದುರಿಸುವ ಯೋಜನೆ ಮಾಡಿಕೊಂಡಿತು. ಅಲ್ಲಿಯೇ ಮಹಿಳಾ ಹೌಸಿಂಗ್ ಟ್ರಸ್ಟ್ ಕೊಳೆಗೇರಿಯ ಹೆಂಗಸರ ಜೊತೆ ಸೇರಿ, ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಬಣ್ಣವನ್ನು ಛಾವಣಿಗಳಿಗೆ ಬಳಿಸುತ್ತ ಬಂದಿದೆ.

ಖರ್ಚು ಏರುತ್ತದೆ ಎಂಬುದು ನಿಮ್ಮ ದೊಡ್ಡ ಆಕ್ಷೇಪ. ಉಷ್ಣವಲಯದಲ್ಲಿ ಬಿಸಿಲು ಕಡಿಮೆ ಬೀಳಲೆಂದು ಮನೆಯ ಉದ್ದದ ಗೋಡೆಗಳು ಉತ್ತರಕ್ಕೂ ದಕ್ಷಿಣಕ್ಕೂ ಮುಖ ಮಾಡುವಂತೆ ಇಡಲು ನಕ್ಷೆಯ ಹಂತದಲ್ಲಿ ಬಿಡಿಗಾಸೂ ಬೇಡ. ಕಟ್ಟಿದ ಮೇಲೆ ಎಷ್ಟು ಸುರಿದರೂ ಆಗದು. ನೆರೆ ನುಗ್ಗುವ ತಗ್ಗಿನಲ್ಲಿ, ಊರಾಚೆ, ಅಗ್ಗದ ಜಾಗ ಕೊಂಡಾಗ ಉಳಿದ ಹಣವನ್ನು ಆ ಹೆಂಗಸು ಕೆಲಸ ಕಳೆದುಕೊಂಡು, ಬಸ್ಸಿಗೆ ಕಾದು, ಕೆಸರು ಬಳಿದು ತೀರಿಸುತ್ತಾಳೆ. ವಿಶ್ವಸಂಸ್ಥೆಯ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಸಮಿತಿ 1991ರಲ್ಲಿಯೇ ಯೋಗ್ಯ ವಸತಿಗೆ ಏಳು ಲಕ್ಷಣ ಹೇಳಿತು. ಕೈಗೆಟಕುವ ಖರ್ಚು ಅವುಗಳಲ್ಲಿ ಒಂದು. ವಾಸಯೋಗ್ಯತೆ, ಸರಿಯಾದ ಜಾಗ, ಒಕ್ಕಲೆಬ್ಬಿಸುವ ಭಯವಿಲ್ಲದ ಹಕ್ಕು ಸಹ ಅದರ ಸಮಕ್ಕೇ ನಿಂತಿವೆ. ಈ ಹಕ್ಕಿನ ಬಗ್ಗೆ ಒಂದು ಮಾತು: ಹಕ್ಕುಪತ್ರದಲ್ಲಿ ಆಕೆಯ ಹೆಸರು ಇರಲಿ, ಜಂಟಿಯಾಗಿಯಾದರೂ. ನೆರೆ ಇಳಿದ ಮೇಲೆ ಪರಿಹಾರವೂ ರಿಪೇರಿ ಸಾಲವೂ ಹುಡುಕಿಕೊಂಡು ಬರುವುದು ಕಾಗದದಲ್ಲಿರುವ ಹೆಸರನ್ನು.

ಹೆಣ್ಣಿನ ದಿನಚರಿ ಅಳೆದು ಮನೆ ಕಟ್ಟುವುದು ಹೊಸತೇನಲ್ಲ. 1990ರ ದಶಕದಲ್ಲಿ ವಿಯೆನ್ನಾ ನಗರ ಮಹಿಳಾ ವಾಸ್ತುಶಿಲ್ಪಿಗಳಿಂದಲೇ 357 ಮನೆಗಳ ಸಮುಚ್ಚಯವೊಂದರ ವಿನ್ಯಾಸ ಮಾಡಿಸಿತು. ಅಂಗಳದಲ್ಲಿ ಆಡುವ ಮಕ್ಕಳು ಅಡುಗೆ ಮಾಡುವವರ ಕಣ್ಣಿಗೆ ಬೀಳಬೇಕು, ಮಗುವಿನ ತಳ್ಳುಗಾಡಿ ಇಡಲು ಪ್ರತಿ ಮಹಡಿಯಲ್ಲೂ ಜಾಗ ಇರಬೇಕು ಎಂಬಂಥ ಸಂಗತಿಗಳು ಅಲ್ಲಿ ನಕ್ಷೆಯೊಳಗೇ ಬಂದವು.

‘ಸಭೆಗೆ ಕರೆದರೂ ಹೆಂಗಸರು ಬಾಯಿ ಬಿಡುವುದಿಲ್ಲ’ ಎಂದು ಕೊನೆಯಲ್ಲಿ ಬರೆದಿದ್ದೀರಿ. ಸಭೆ ಎಷ್ಟು ಗಂಟೆಗಿತ್ತು? ಅಡುಗೆಯ ಹೊತ್ತಿಗೆ, ಗಂಡಸರ ಮುಂದೆ, ಗೋಡೆಗೆ ನೀಲಿ ನಕ್ಷೆ ತೂಗುಹಾಕಿ ಕೇಳಿದರೆ ಯಾರು ತಾನೇ ಮಾತಾಡುತ್ತಾರೆ? ಅವರಿಗೆ ಬಿಡುವಾದಾಗ ಹೋಗಿ. ನಿವೇಶನದ ನೆಲದ ಮೇಲೆ ಮನೆಯನ್ನು ನಿಜ ಅಳತೆಯಲ್ಲೇ ಸುಣ್ಣದ ಪುಡಿಯಿಂದ ಗೆರೆ ಎಳೆದು ತೋರಿಸಿ. ಅದರೊಳಗೆ ಓಡಾಡಲಿ, ಒಲೆಯ ಮುಂದೆ ಕೂತು ನೋಡಲಿ, ಹೊಲಿಗೆ ಯಂತ್ರಕ್ಕೆ ಬೆಳಕು ಎಲ್ಲಿಂದ ಬೀಳುತ್ತದೆ ಎಂದು ಕೇಳಲಿ, ರಾತ್ರಿ ಶೌಚಾಲಯಕ್ಕೆ ಹೋಗುವ ದಾರಿಯನ್ನು ನಡೆದು ತೋರಿಸಲಿ. ಕಿಟಕಿ ಆ ಕಡೆ ಬೇಡ, ಈ ಕಡೆ ಇರಲಿ ಎಂದು ಅವರು ಹೇಳಿಯೇ ಹೇಳುತ್ತಾರೆ. ಆಗ ಆ ಗೆರೆ ಅಳಿಸಿ ಮತ್ತೆ ಎಳೆಯಲು ನಿಮಗೆ ಹತ್ತು ನಿಮಿಷ ಸಾಕು.

— ಸಂಪಾದಕ