ಗೋಲಿನ ಫೋಟೋ ಬದಿಗಿಡಿ, ಮೈದಾನಕ್ಕೆ ಹೋಗಿ ಕೂತ್ಕೊಳ್ಳಿ

ಕ್ಲಬ್ಬಿನವರು ಫುಟ್‌ಬಾಲ್ ಫೈನಲ್‌ನ ಗೋಲಿನ ಫೋಟೋ ಕೊಟ್ಟು, ದೊಡ್ಡ ಕ್ಯಾನ್ವಾಸ್ ಮೇಲೆ ಆಯಿಲ್‌ನಲ್ಲಿ ಬಿಡಿಸಿಕೊಡಿ ಅಂದಿದ್ದಾರೆ, ಫೋಟೋ ದೊಡ್ಡದು ಮಾಡೋಕೆ ಗ್ರಿಡ್ (ಚೌಕ ಚೌಕ ಗೆರೆ) ಹಾಕಲೋ ಪ್ರೊಜೆಕ್ಟರ್ ಇಡಲೋ ಅಂತ ಕೇಳಿದ್ದೀರಿ. ಎರಡೂ ಬೇಡ.

ನನಗೂ ಇದೇ ಕೆಲಸ ಬಂದಿತ್ತು, ಇದೇ ಹುಬ್ಬಳ್ಳಿಯಲ್ಲಿ. ನೆಹರೂ ಮೈದಾನದಲ್ಲಿ ಗೆದ್ದ ತಂಡದವರು ಒಂದು ಫೋಟೋ ತಂದರು. ಯಾರೋ ಮೊಳದುದ್ದದ ಲೆನ್ಸ್ ಹಾಕಿ ತೆಗೆದದ್ದು. ಒದ್ದ ಕಾಲು ಇನ್ನೂ ಮೇಲೇ ಇದೆ, ಚೆಂಡು ಬೂಟಿನಿಂದ ಆಗಷ್ಟೇ ಬಿಟ್ಟಿದೆ, ಹಿಂದೆ ಗೋಲ್‌ಕೀಪರ್ ಬಾಯಿ ತೆರೆದಿದ್ದಾನೆ. ಫೋಟೋ ಭಾರಿ ಚಂದ ಇತ್ತು. ಪ್ರೊಜೆಕ್ಟರ್ ಬಾಡಿಗೆ ತಂದು, ರಾತ್ರಿ ಕೋಣೆ ಕತ್ತಲೆ ಮಾಡಿ, ಗೆರೆ ಗೆರೆ ಟ್ರೇಸ್ ಮಾಡಿದೆ. ಜರ್ಸಿ ನಂಬರು, ಬೂಟಿನ ಲೇಸು, ಚೆಂಡಿನ ತುಂಡು ತುಂಡು ಚರ್ಮ, ಒಂದನ್ನೂ ಬಿಡಲಿಲ್ಲ.

ನೋಡೋಕೆ ಬಂದ ತಂಡದ ಯಜಮಾನರು ಬಹಳ ಹೊತ್ತು ನಿಂತರು. ಆಮೇಲೆ ಅಂದರು: "ಸರ, ಚಲೋ ಐತ್ರಿ. ಆದ್ರ ಇದು ಫೋಟೋನ ಐತಲ್ರಿ? ಫ್ಲೆಕ್ಸ್ ಮಾಡಿಸಿದ್ರ ಅಗ್ಗದಾಗ ಮುಗೀತಿತ್ತು." ಅಡ್ವಾನ್ಸ್ ಬಂದದ್ದಷ್ಟೇ. ಬಾಕಿ ಬರಲಿಲ್ಲ, ನಾನೂ ಜೋರು ಮಾಡಿ ಕೇಳಲಿಲ್ಲ. ಕೇಳೋ ಮುಖ ಇರಲಿಲ್ಲ.

ಎಲ್ಲಿ ಕೆಟ್ಟಿತು ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಬೇಜಾರಾದರೂ ಓದಿ. ಪೆನಾಲ್ಟಿ ಚುಕ್ಕೆಯಿಂದ ಗೋಲ್ ಗೆರೆಗೆ 11 ಮೀಟರ್. ನನ್ನ ಚಿತ್ರದ ಹುಡುಗ ಹೆಚ್ಚೂಕಡಿಮೆ ಆ ಚುಕ್ಕೆಯ ಹತ್ತಿರ ಇದ್ದ, ಕೀಪರ್ ಗೆರೆಯ ಮೇಲೆ. ದೂರದಲ್ಲಿ ನಿಂತು ಉದ್ದ ಲೆನ್ಸ್‌ನಲ್ಲಿ ತೆಗೆದರೆ ಆ 11 ಮೀಟರ್ ಮಾಯ. ಇಬ್ಬರೂ ಒಂದೇ ಗಾತ್ರ, ಒಬ್ಬರ ಬೆನ್ನಿಗೆ ಒಬ್ಬರನ್ನು ಅಂಟಿಸಿದ ಹಾಗೆ. ನೋಡೋರ ಎದೆ ಢವಢವ ಅನ್ನೋದೇ ಆ ಖಾಲಿ ಜಾಗದಿಂದ ಅಲ್ವಾ? ಚೆಂಡು ಅಷ್ಟು ದೂರ ಹೋಗಬೇಕು, ಕೀಪರ್ ಅಷ್ಟರೊಳಗೆ ಹಾರಬೇಕು. ಫೋಟೋ ಅದನ್ನೇ ನುಂಗಿತ್ತು, ನಾನು ನುಂಗಿದ್ದನ್ನೇ ಟ್ರೇಸ್ ಮಾಡಿದೆ. ನೀಲಿ ಬೆರೆಸಿದರೆ ದೂರ ಕಾಣುತ್ತೆ ಅಂತ ಕೀಪರ್ ಮೈಗೆ ಬೆರೆಸಿ ಹಿಂದೆ ತಳ್ಳೋಕೆ ನೋಡಿದೆ. ಗಾತ್ರವೇ ತಪ್ಪಿದ ಮೇಲೆ ಬಣ್ಣ ಏನು ಮಾಡುತ್ತೆ?

ಚೆಂಡಿನದೂ ಅದೇ ಕಥೆ. ಜೋರಾಗಿ ಒದ್ದ ಚೆಂಡಿನ ಹೊಲಿಗೆ ಯಾರ ಕಣ್ಣಿಗೆ ಕಾಣುತ್ತೆ ಹೇಳಿ? ಕ್ಯಾಮೆರಾಕ್ಕೆ ಕಾಣುತ್ತೆ, ನಮಗಲ್ಲ. ಅಷ್ಟು ಸ್ಪಷ್ಟ ಬಿಡಿಸಿದ್ದಕ್ಕೇ ನನ್ನ ಚೆಂಡು ಗಾಳಿಯಲ್ಲಿ ಸುಮ್ನೆ ನಿಂತುಬಿಟ್ಟಿತ್ತು.

ಆಮೇಲೆ ಸಂಜೆ ಹೊತ್ತು ಮೈದಾನದಲ್ಲಿ ಕೂತು ಬಿಡಿಸೋದು ಕಲಿತೆ. ಅಗ್ಗದ ನ್ಯೂಸ್‌ಪ್ರಿಂಟ್ ಹಾಳೆ, ಮೆತ್ತನೆಯ, ಕಪ್ಪಾಗಿ ಬರೆಯೋ 6ಬಿ ಪೆನ್ಸಿಲ್. ಮೊದಮೊದಲು ಕೈಯೇ ಓಡಲ್ಲ, ಆಡೋರು ಓಡಿರ್ತಾರೆ. ಒಂದು ದಿನ ಕಾರ್ನರ್ ಕಿಕ್‌ಗೆ ಎಲ್ಲರೂ ಮೂಲೆಯ ಕಡೆ ನೋಡ್ತಿದ್ದರು. ಒಬ್ಬ ಡಿಫೆಂಡರ್ ಮಾತ್ರ ತನ್ನ ಎದುರಾಳಿಯ ಜರ್ಸಿ ತುದಿ ಬೆರಳಿಗೆ ಸುತ್ತಿಕೊಂಡು, ರೆಫ್ರಿ ಕಡೆ ಓರೆಗಣ್ಣು ಬಿಟ್ಟಿದ್ದ. ಗೋಲಿಗಿಂತ ಜಾಸ್ತಿ ನಾಟಕ ಅದರಲ್ಲೇ ಇತ್ತು. ಗೋಲು ಬಿದ್ದ ಮೇಲೆ ಕಥೆ ಮುಗಿದಂಗೆ, ಅಪ್ಪಿಕೊಳ್ಳೋದಷ್ಟೇ ಬಾಕಿ.

ಕ್ಲಬ್ಬಿನವರು ಗೋಲೇ ಬೇಕು ಅಂದರೆ ಕೀಪರ್ ಬೆನ್ನ ಹಿಂದೆ ನಿಂತು ನೋಡಿ. ರಷ್ಯಾದ ಚಿತ್ರಕಾರ ದೈನೇಕಾ 1934ರಲ್ಲಿ ಗೋಲ್‌ಕೀಪರ್ ಚಿತ್ರ ಬಿಡಿಸಿದ್ದೇ ಹಾಗೆ: ಅಡ್ಡಕ್ಕೆ ಚಾಚಿದ ಕ್ಯಾನ್ವಾಸ್ ತುಂಬ ಹಾರಿದ ಮೈ, ನಾವು ಅವನ ಹಿಂದೆ. ಬ್ರಷ್ ಬದಲು ಪ್ಯಾಲೆಟ್ ನೈಫ್ (ಬಣ್ಣ ಮೆತ್ತೋ ಚಪ್ಪಟೆ ಚಾಕು) ಬಳಸಬಹುದಾ ಅಂತಲೂ ಕೇಳಿದ್ದೀರಿ, ಧಾರಾಳವಾಗಿ. ನಿಕೊಲಾಸ್ ದ ಸ್ತಾಲ್ ಅನ್ನೋ ಚಿತ್ರಕಾರ 1952ರಲ್ಲಿ ಪ್ಯಾರಿಸ್‌ನಲ್ಲಿ ಫ್ಲಡ್‌ಲೈಟ್ ಕೆಳಗೆ ಫ್ರಾನ್ಸ್–ಸ್ವೀಡನ್ ಪಂದ್ಯ ನೋಡಿ ಬಂದು, ಆಟಗಾರರನ್ನು ದಪ್ಪ ದಪ್ಪ ಬಣ್ಣದ ತುಂಡುಗಳಲ್ಲೇ ಕಟ್ಟಿದ. ಮೂಗು ಬಾಯಿ ಹುಡುಕಿದರೆ ಸಿಗಲ್ಲ, ಓಟ ಸಿಗುತ್ತೆ. ಆದರೆ ನಿಮ್ಮ ಕ್ಲಬ್ಬಿನ ಹುಡುಗರು ತಮ್ಮ ಮುಖ ಎಲ್ಲಿ ಅಂತ ಕೇಳೇ ಕೇಳ್ತಾರೆ. ಒಂದೋ ಎರಡೋ ಮುಖ ಗುರುತು ಹಿಡಿಯೋ ಹಾಗೆ ಇಡಿ, ಉಳಿದದ್ದು ಹೋಗಲಿ.

ಇನ್ನು ನೆಲ ಹಸಿರು ಮಾಡೋ ಯೋಚನೆ. ದಯವಿಟ್ಟು ಬೇಡ. ನಮ್ಮ ಮೈದಾನಗಳಲ್ಲಿ ಹುಲ್ಲು ಎಷ್ಟಿದೆ ಅಂತ ನಿಮಗೂ ಗೊತ್ತು, ಟಿವಿ ನೋಡಿ ಹಸಿರು ಹಚ್ಚಬೇಡಿ. ನಮಗೆ ಧೂಳಿದೆ. ಕಾಲು ಎಲ್ಲಿಂದ ಬಂತು, ಎಲ್ಲಿ ತಿರುಗಿತು ಅಂತ ಅದೇ ಹೇಳುತ್ತೆ. ಹಳದಿಗಂದಿನ ರಾ ಸಿಯೆನ್ನಾಗೆ ಬಿಳಿ ಬೆರೆಸಿ, ಧಾರವಾಡದ ಕಡೆಯ ಕೆಂಪು ನೆಲ ಆದರೆ ಚೂರು ಕೆಂಗಂದಿನ ಬರ್ನ್ಟ್ ಸಿಯೆನ್ನಾ. ಕೆಳಗಿನ ಬಣ್ಣ ಒಣಗಿದ ಮೇಲೆ ಒರಟು ಬ್ರಷ್‌ಗೆ ಈ ಬಣ್ಣ ತಗೊಂಡು ಬಟ್ಟೆಗೆ ಒರೆಸಿ, ಪಾದದ ಸುತ್ತ ತೇಲಿಸಿ ಎಳೆಯಿರಿ. ಬೂಟು ಅರ್ಧ ಮುಚ್ಚಿ ಹೋದರೂ ಚಿಂತೆ ಇಲ್ಲ.

ಮುಂದಿನ ತಿಂಗಳೇ ಫಂಕ್ಷನ್ ಅಂದಿದ್ದೀರಿ. ಮಳೆಗಾಲದಲ್ಲಿ ಆಯಿಲ್ ಬೇಗ ಒಣಗಲ್ಲ. ತಳದ ಕೋಟ್ ಕಡುಗಂದಿನ ಬರ್ನ್ಟ್ ಅಂಬರ್‌ನಲ್ಲಿ ತೆಳ್ಳಗೆ, ಟರ್ಪೆಂಟೈನ್ ಹಾಕಿ ಮಾಡಿ, ಬೇಗ ಒಣಗುತ್ತೆ. ಲಿನ್‌ಸೀಡ್ ಎಣ್ಣೆ ಮೇಲಿನ ಕೋಟ್‌ಗಳಿಗೆ ಮಾತ್ರ. ಉಲ್ಟಾ ಮಾಡಿದರೆ ಮುಂದೆ ಬಿರುಕು ಬಿಡುತ್ತೆ. ಫಂಕ್ಷನ್ ದಿನ ಫಳಫಳ ಕಾಣಲಿ, ವಾರ್ನಿಷ್ ಹಚ್ಚಿ ಅಂತಾರೆ, ಒಪ್ಪಬೇಡಿ. ದಪ್ಪ ಬಣ್ಣ ಒಳಗೆ ಒಣಗೋಕೆ 6 ತಿಂಗಳಾದರೂ ಬೇಕು. "ಬಾಕಿ ಹಣ ಪೂರ್ತಿ ಕೊಟ್ಟುಬಿಡಿ, ವಾರ್ನಿಷ್‌ಗೆ ನಾನೇ ಬರ್ತೀನಿ" ಅಂತ ಕ್ಲಬ್ಬಿನವರಿಗೆ ಅನ್ನಿ.