ಯೋಮನ್ ರೈತನ ಉಯಿಲು: ಒಂದು ಉದಾಹರಣೆ

ಹಳೇ ಇಂಗ್ಲೆಂಡಿನಲ್ಲಿ ಸ್ವಂತ ಬೇಸಾಯದ ಯೋಮನ್ ರೈತ ಸತ್ತರೆ ಹೆಂಡತಿ, ಹೆಣ್ಣುಮಕ್ಕಳ ಗತಿ ಏನು ಅಂತ ಕೇಳಿದ್ದೀರಿ ಅಲ್ವಾ? ಶಾಟರಿ ಊರಿನ ರಿಚರ್ಡ್ ಹ್ಯಾಥವೇ 1581ರಲ್ಲಿ ಬರೆಸಿದ ಉಯಿಲು ನೋಡಿ. ಮಗಳು ಆನ್‌ಗೆ 6 ಪೌಂಡ್ 13 ಷಿಲಿಂಗ್ 4 ಪೆನ್ಸ್. ಅದೂ ಮದುವೆಯ ದಿನ ಕೊಡಬೇಕು. ವಿಚಿತ್ರ ಮೊತ್ತ ಅನ್ಸುತ್ತೆ, ಆದರೆ ಆಗಿನ ಲೆಕ್ಕದಲ್ಲಿ ಸರಿಯಾಗಿ 10 ಮಾರ್ಕ್ (ಒಂದು ಮಾರ್ಕ್ ಅಂದರೆ ಪೌಂಡಿನ ಮೂರರಲ್ಲಿ ಎರಡು ಭಾಗ). ಮರುವರ್ಷ ಅವಳು ಶೇಕ್ಸ್‌ಪಿಯರನ ಕೈಹಿಡಿದಳು, ಅಪ್ಪ ನೋಡಲಿಲ್ಲ ಪಾಪ.

ಬೇಸಾಯಕ್ಕೆ ರಿಚರ್ಡನ ಹೆಂಡತಿ ಜೋನ್ ಜೊತೆ ಮಗ ಬಾರ್ತಲೋಮಿಯೋ ನಿಲ್ಲಬೇಕಿತ್ತು. ಒಡಹುಟ್ಟಿದವರಿಗೆ ಕೈಲಾದಷ್ಟು ಆಸರೆಯಾಗು ಅಂತಲೂ ಅವನಿಗೆ ಹೇಳಿದೆ. ನನಗೆ ಜಾಸ್ತಿ ಇಷ್ಟವಾದ ಸಾಲು ಮಂಚದ್ದು: ಕೋಣೆಯ ಎರಡು ಮಂಚಗಳನ್ನು ಜಾಗ ಬಿಟ್ಟು ಕದಲಿಸಬಾರದಂತೆ! ಮಂಚಕ್ಕೂ ಒಳ್ಳೆ ಬೆಲೆಯಿದ್ದ ಕಾಲ ಅದು.